ಮಗುವಿನ ಒಣಚರ್ಮಕ್ಕೆ ಹಚ್ಚುವುದೇನು, ಹಚ್ಚುವುದು ಹೇಗೆ?

ಕರಾವಳಿಯ ಗಾಳಿಯಲ್ಲಿ ವರ್ಷದ ಬಹುಪಾಲು ತೇವ ಇರುವುದರಿಂದ ಇಲ್ಲಿನ ಮಕ್ಕಳ ಚರ್ಮ ಒಣಗುವುದಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಡಿಸೆಂಬರ್‌ನಲ್ಲಿ ಘಟ್ಟದ ಕಡೆಯಿಂದ ಒಣಗಾಳಿ ಬೀಸತೊಡಗಿದರೆ, ಉಡುಪಿಯ ನಮ್ಮ ಮನೆಯಲ್ಲಿ ಐದು ವರ್ಷದ ಮಗಳ ಕಣಕಾಲಿನ ಮೇಲೆ ಉಗುರನ್ನು ಮೆಲ್ಲನೆ ಎಳೆದರೂ ಸುಣ್ಣದ ಗೆರೆಯಂತೆ ಬಿಳಿ ಗೆರೆ ಮೂಡುತ್ತಿತ್ತು. ರಾತ್ರಿ ಅವಳು ಕೆರೆದುಕೊಂಡದ್ದು ಬೆಳಿಗ್ಗೆ ಹಾಸಿಗೆಯ ಮೇಲೆ ರಕ್ತದ ಚುಕ್ಕಿಗಳಾಗಿ ಕಾಣುತ್ತಿತ್ತು. ಒಂದರ ಹಿಂದೆ ಒಂದು ಬಾಟಲಿ ಬದಲಿಸಿದ ಮೇಲೆ ತಿಳಿದದ್ದೇನೆಂದರೆ, ಯಾವ ಕಂಪೆನಿಯದು ಎನ್ನುವುದಕ್ಕಿಂತ ಯಾವ ಬಗೆಯದು, ಎಷ್ಟು, ಯಾವ ಹೊತ್ತಿನಲ್ಲಿ ಹಚ್ಚಬೇಕು ಎನ್ನುವುದೇ ಮುಖ್ಯ.

ಮೊದಲು ಮಗುವಿನ ಮೈಯನ್ನು ಬೆಳಕಿನಲ್ಲಿ ನೋಡಿ. ಬರಿಯ ಒಣಗುವಿಕೆಯಾದರೆ ಮನೆಯಲ್ಲೇ ಆರೈಕೆ ಮಾಡಬಹುದು. ಮೊಣಕೈ ಮತ್ತು ಮೊಣಕಾಲಿನ ಮಡಿಕೆಗಳಲ್ಲಿ ಕೆಂಪಾಗಿ ತುರಿಸುತ್ತಿದ್ದರೆ ಅದು ಎಕ್ಸಿಮಾ, ಅಂದರೆ ಚರ್ಮ ಒಣಗಿ ಮತ್ತೆ ಮತ್ತೆ ತುರಿಸುವ ಉರಿಯೂತ, ಆಗಿರಬಹುದು. ನೀರು ಜಿನುಗುವುದು, ಜೇನಿನ ಬಣ್ಣದ ಹಕ್ಕಳೆ, ಗುಂಪುಗುಂಪಾಗಿ ಏಳುವ ಗುಳ್ಳೆ, ಜ್ವರ – ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲೂ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗಗಳಿವೆ.

ಅನಂತರ ಬಗೆಯನ್ನು ಆರಿಸಬೇಕು. ಚರ್ಮದ ಹೊರಪದರ ನಮ್ಮ ಮುರಕಲ್ಲಿನ ಗೋಡೆಯ ಹಾಗೆ: ಜೀವಕೋಶಗಳು ಕಲ್ಲುಗಳಾದರೆ ಸೆರಮೈಡ್ ಮುಂತಾದ ಕೊಬ್ಬಿನಂಶಗಳು ನಡುವಿನ ಗಾರೆ. ಗಾರೆ ಉದುರಿದಲ್ಲಿ ಒಳಗಿನ ನೀರು ಆರಿಹೋಗುತ್ತದೆ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಸೆರಮೈಡ್ ಸಂದು ತುಂಬುತ್ತದೆ, ಪೆಟ್ರೋಲಿಯಂ ಜೆಲ್ಲಿ ಮತ್ತು ಲಿಕ್ವಿಡ್ ಪ್ಯಾರಾಫಿನ್ ಮೇಲಿನಿಂದ ಮುಚ್ಚಿ ನೀರು ಹೊರಹೋಗದಂತೆ ತಡೆಯುತ್ತವೆ. ಲೋಷನ್‌ನಲ್ಲಿ ನೀರೇ ಹೆಚ್ಚಿರುವುದರಿಂದ ತೀರಾ ಒಣಗಿದ ಚರ್ಮಕ್ಕೆ ಅದು ಸಾಲದು. ದಪ್ಪ ಕ್ರೀಮ್ ಅಥವಾ ಮುಲಾಮು ಬೇಕು. ಯೂರಿಯಾ ಇರುವ ಕ್ರೀಮ್ ಒಡೆದ ಚರ್ಮದಲ್ಲಿ ಉರಿಯುತ್ತದೆ, ಸಣ್ಣ ಮಕ್ಕಳಿಗೆ ವೈದ್ಯರನ್ನು ಕೇಳದೆ ಹಚ್ಚಬಾರದು.

ಲೇಬಲ್ಲಿನಲ್ಲಿ ಪರ್ಫ್ಯೂಮ್ ಅಥವಾ ಫ್ರೇಗ್ರೆನ್ಸ್ ಎಂದು ಕಂಡರೆ ಆ ಡಬ್ಬಿಯನ್ನು ಕೆಳಗಿಡಿ. ‘ಬೇಬಿ’, ‘ಹರ್ಬಲ್’ ಎಂಬ ಮಾತುಗಳು ಸುಗಂಧವಿಲ್ಲ ಎನ್ನುವುದಕ್ಕೆ ಖಾತ್ರಿಯಲ್ಲ. ಹೊಸದನ್ನು ತಂದಾಗ ಒಂದು ವಾರ ಮೊಣಕೈಯ ಒಳಬದಿಯಲ್ಲಿ ಮಾತ್ರ ದಿನಕ್ಕೆ ಎರಡು ಬಾರಿ ಹಚ್ಚಿ ನೋಡಿ, ಕೆಂಪಾಗದಿದ್ದರೆ ಮುಂದುವರಿಸಿ.

ತೆಂಗಿನೆಣ್ಣೆಯ ವಿಷಯವನ್ನು ನಮ್ಮ ಊರಿನಲ್ಲಿ ಬಿಡಿಸಿ ಹೇಳಲೇಬೇಕು. ಫಿಲಿಪೀನ್ಸ್‌ನಲ್ಲಿ ಎಕ್ಸಿಮಾ ಇದ್ದ 117 ಮಕ್ಕಳ ಮೇಲೆ 8 ವಾರ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಜಿನ್ ತೆಂಗಿನೆಣ್ಣೆಯು ಮಿನರಲ್ ಆಯಿಲ್‌ಗಿಂತ (ಲಿಕ್ವಿಡ್ ಪ್ಯಾರಾಫಿನ್‌ನಂಥ ಪೆಟ್ರೋಲಿಯಂ ಎಣ್ಣೆಗಿಂತ) ಹೆಚ್ಚು ಫಲ ಕೊಟ್ಟಿತು. ಹಾಗಾಗಿ ಅಜ್ಜಿಯ ಎಣ್ಣೆ ತಪ್ಪಲ್ಲ, ಹಚ್ಚುವ ಹೊತ್ತು ತಪ್ಪು. ಸ್ನಾನಕ್ಕೆ ಮೊದಲು ಮೈತುಂಬ ಎಣ್ಣೆ ತಿಕ್ಕಿ, ಮತ್ತೆ ಹಂಡೆಯ ಸುಡುನೀರು ಹೊಯ್ದು ಕಡಲೆಹಿಟ್ಟಿನಲ್ಲಿ ಉಜ್ಜಿ ತೊಳೆದರೆ, ಹಚ್ಚಿದ್ದರ ಜೊತೆಗೆ ಚರ್ಮದ ಸ್ವಂತ ಜಿಡ್ಡೂ ಬಚ್ಚಲ ನೀರಿನಲ್ಲಿ ಹೋಗುತ್ತದೆ. ಅದೇ ಎಣ್ಣೆಯನ್ನು ಸ್ನಾನವಾದ ಮೇಲೆ ಒದ್ದೆ ಮೈಗೆ ಹಚ್ಚಿದರೆ ನೀರು ಒಳಗೇ ಉಳಿಯುತ್ತದೆ. ಆಲಿವ್ ಎಣ್ಣೆ ಮಾತ್ರ ಬೇಡ. ಅದು ಚರ್ಮದ ತಡೆಗೋಡೆಯನ್ನು ದುರ್ಬಲಗೊಳಿಸುತ್ತದೆ.

ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷಕ್ಕೆ ಮುಗಿಯಲಿ. ಮಾಮೂಲಿ ಸೋಪು ಕ್ಷಾರೀಯ, ಆರೋಗ್ಯವಂತ ಚರ್ಮವಾದರೋ ತುಸು ಆಮ್ಲೀಯ. ಆದ್ದರಿಂದ ಸೋಪಿಲ್ಲದ ಕ್ಲೆನ್ಸರನ್ನು ಕೊಳೆಯಾದ ಜಾಗಕ್ಕಷ್ಟೇ ಬಳಸಿ. ಬೈರಾಸಿನಿಂದ ಉಜ್ಜದೆ ಒತ್ತಿ ಒರಸಿ, ಮೈಯಲ್ಲಿ ಪಸೆ ಇರುವಾಗಲೇ, ಸುಮಾರು 3 ನಿಮಿಷದೊಳಗೆ, ಕ್ರೀಮ್ ಹಚ್ಚಬೇಕು. ನಾನು ಡಬ್ಬಿಯನ್ನು ಬಚ್ಚಲುಮನೆಯ ಬಾಗಿಲ ಬಳಿಯೇ ಇಟ್ಟುಕೊಂಡೆ, ಏಕೆಂದರೆ ಕೋಣೆಗೆ ಹೋಗಿ ಹುಡುಕುವಷ್ಟರಲ್ಲಿ ಮೈ ಆರಿಬಿಡುತ್ತಿತ್ತು. ಮಲ್ಪೆ ಅಥವಾ ಪಣಂಬೂರಿನ ಕಡಲಲ್ಲಿ ಆಡಿ ಬಂದ ದಿನ ಉಪ್ಪನ್ನು ಸಿಹಿನೀರಿನಲ್ಲಿ ತೊಳೆದ ಕೂಡಲೇ ಇದನ್ನೇ ಮಾಡಬೇಕು.

ಹೆಚ್ಚಿನವರು ತಪ್ಪುವುದು ಪ್ರಮಾಣದಲ್ಲಿ. ಮೈಯೆಲ್ಲ ಒಣಗಿ ಎಕ್ಸಿಮಾ ಇರುವ ಮಗುವಿಗೆ ವಾರಕ್ಕೆ 250 ಗ್ರಾಂ ಬೇಕಾಗಬಹುದು. 50 ಗ್ರಾಂನ ದುಬಾರಿ ಟ್ಯೂಬನ್ನು ಜಿಪುಣತನದಿಂದ ಸವರುವುದಕ್ಕಿಂತ ಅಗ್ಗದ ದೊಡ್ಡ ಡಬ್ಬಿಯನ್ನು ಧಾರಾಳವಾಗಿ, ದಿನಕ್ಕೆ ಎರಡು ಬಾರಿಯಾದರೂ ಹಚ್ಚುವುದು ಲೇಸು. ಡಬ್ಬಿಗೆ ಬೆರಳು ಅದ್ದದೆ ಶುದ್ಧ ಚಮಚದಲ್ಲಿ ತೆಗೆಯಿರಿ, ರೋಮ ಬೆಳೆದ ದಿಕ್ಕಿಗೇ ಸವರಿ, ತಿಕ್ಕಬೇಡಿ.

ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ದಪ್ಪ ಮುಲಾಮಿನಡಿ ಬೆವರು ಕಟ್ಟಿಕೊಂಡು ಬೆವರುಸಾಲೆ ಏಳುತ್ತದೆ. ಆಗ ತೆಳುವಾದ ಕ್ರೀಮಿಗೆ ಇಳಿದು, ಚಳಿಗಾಲಕ್ಕೆ ಮತ್ತೆ ಮುಲಾಮಿಗೆ ಬನ್ನಿ. ಎಸಿ ಹಾಕಿ ಮಲಗುವ ಮನೆಗಳಲ್ಲಿ ಮಾತ್ರ ರಾತ್ರಿ ದಪ್ಪದ್ದೇ ಬೇಕಾದೀತು.

ಎರಡು ಎಚ್ಚರಿಕೆಗಳು. ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತಿಕೊಳ್ಳುತ್ತದೆ, ದೀಪಾವಳಿಯ ಹಣತೆ, ಪಟಾಕಿಗಳ ಬಳಿ ಮಗುವನ್ನು ಆ ಬಟ್ಟೆಯಲ್ಲಿ ಬಿಡಬಾರದು. ಇನ್ನು ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ, ಸ್ಟೀರಾಯ್ಡ್ ಬೆರೆತ ತುರಿಕೆಯ ಕ್ರೀಮನ್ನು ಮಾಯಿಶ್ಚರೈಸರ್ ಎಂದು ದಯವಿಟ್ಟು ಹಚ್ಚಬೇಡಿ; ಹೆಚ್ಚು ದಿನ ಬಳಸಿದರೆ ಚರ್ಮ ತೆಳುವಾಗುತ್ತದೆ.

ಒಂದೇ ಕ್ರೀಮನ್ನು ಎರಡು ವಾರ ಬಿಡದೆ ಹಚ್ಚಿ, ಕಾಲಿನ ಮೇಲೆ ಮತ್ತೆ ಉಗುರು ಎಳೆದು ನೋಡಿ. ಬಿಳಿ ಗೆರೆ ಇನ್ನೂ ಮೂಡುತ್ತಿದ್ದರೆ, ಆ ಡಬ್ಬಿಯನ್ನೂ ಸೋಪಿನ ಹೊದಿಕೆಯನ್ನೂ ಚೀಲಕ್ಕೆ ಹಾಕಿಕೊಂಡು ಚರ್ಮವೈದ್ಯರ ಬಳಿ ಹೋಗಿ.