ಹಳೆಯ ಕಂಪ್ಯೂಟರ್‌ಗಳಲ್ಲಿ ಯಾವುದು ಜೋರು? ನೀವೇ ಅಳೆದು ನೋಡಿ

ಒಂದು ಕಡೆ 3 ಗಿಗಾಹರ್ಟ್ಸ್‌ನ ಪೆಂಟಿಯಂ 4, ಇನ್ನೊಂದು ಕಡೆ 2.4 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೊ. ಎರಡೂ ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳು, ಅಂದರೆ ಕಂಪ್ಯೂಟರ್‌ನ ಲೆಕ್ಕವನ್ನೆಲ್ಲ ಮಾಡುವ ಚಿಪ್‌ಗಳು. ಗಿಗಾಹರ್ಟ್ಸ್ ಅಂದರೆ ಚಿಪ್ ಸೆಕೆಂಡಿಗೆ ಎಷ್ಟು ನೂರು ಕೋಟಿ ಸಲ ಮಿಡಿಯುತ್ತದೆ ಎಂಬ ಲೆಕ್ಕ. ಬರೀ ಅಂಕಿ ನೋಡಿದರೆ ಮೊದಲನೆಯದೇ ಜೋರು ಅನ್ನಿಸುತ್ತದೆ. ಕೆಲಸಕ್ಕೆ ಹಚ್ಚಿದರೆ 2006ರಲ್ಲಿ ಬಂದ ಕೋರ್ 2 ಅದನ್ನು ಬಹಳ ಹಿಂದೆ ಬಿಡುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಮಷೀನ್ ಹುಡುಕುವವರಾಗಲಿ, ಶಾಲೆಗೆ ದಾನವಾಗಿ ಬಂದ ಹಳೆಯ ಕಂಪ್ಯೂಟರ್‌ಗಳಲ್ಲಿ ಒಳ್ಳೆಯದನ್ನು ಆರಿಸಬೇಕಾದ ಮೇಷ್ಟ್ರಾಗಲಿ, ಸ್ಟಿಕರ್ ಮೇಲಿನ ಗಿಗಾಹರ್ಟ್ಸ್ ನಂಬಿ ತೀರ್ಮಾನಕ್ಕೆ ಬರಬಾರದು.

ಕಾರಣ ಚಿಪ್‌ನ ಒಳಗಿದೆ. ಪ್ರೊಸೆಸರ್ ಒಂದೊಂದು ಆದೇಶವನ್ನೂ ಹಲವು ಹಂತಗಳಲ್ಲಿ ಮುಗಿಸುತ್ತದೆ. 2000ದ ಕೊನೆಗೆ ಬಂದ ಪೆಂಟಿಯಂ 4ರಲ್ಲಿ ಈ ಸಾಲು 20 ಹಂತದ್ದು. 2004ರ ಪ್ರೆಸ್ಕಾಟ್ ಮಾದರಿಯಲ್ಲಿ 31ಕ್ಕೆ ಏರಿತು. ಕೋರ್ 2ರಲ್ಲಿ ಇರುವುದು 14. ಪ್ರೋಗ್ರಾಮ್ ಮುಂದೆ ಯಾವ ದಾರಿ ಹಿಡಿಯುತ್ತದೆ ಎಂದು ಚಿಪ್ ಮೊದಲೇ ಊಹಿಸಿ ಕೆಲಸ ಶುರುಮಾಡಿರುತ್ತದೆ. ಊಹೆ ತಪ್ಪಿದರೆ ಅರ್ಧ ಆದದ್ದನ್ನೆಲ್ಲ ಚೆಲ್ಲಿ ಮತ್ತೆ ಮೊದಲಿನಿಂದ ತುಂಬಬೇಕು. ಸಾಲು ಉದ್ದವಾದಷ್ಟೂ ನಷ್ಟ ಜಾಸ್ತಿ. ಇಂಟೆಲ್‌ನ ಪೈಪೋಟಿದಾರ ಎಎಂಡಿ ಕಂಪನಿ ತನ್ನ ಅಥ್ಲಾನ್ ಎಕ್ಸ್‌ಪಿ ಚಿಪ್‌ಗಳಿಗೆ ಗಿಗಾಹರ್ಟ್ಸ್ ಬದಲು ಬೇರೆಯೇ ಸಂಖ್ಯೆ ಕೊಟ್ಟದ್ದೂ ಇಂಥ ಹೋಲಿಕೆಯ ಗೊಂದಲದಿಂದಲೇ: '2000+' ಎಂಬ ಹೆಸರಿನ ಚಿಪ್ ನಿಜಕ್ಕೂ ಓಡುತ್ತಿದ್ದದ್ದು 1.67 ಗಿಗಾಹರ್ಟ್ಸ್‌ನಲ್ಲಿ.

ಹಾಗಾಗಿ ಎರಡೂ ಮಷೀನ್‌ಗೆ ಒಂದೇ ಕೆಲಸ ಕೊಟ್ಟು ನೋಡುವುದೇ ಸರಿಯಾದ ದಾರಿ. ಬೆಂಚ್‌ಮಾರ್ಕ್ ಅಂದರೆ ಇಷ್ಟೇ. ಹಳೆಯ ಕಂಪ್ಯೂಟರ್‌ಗೆ ನನ್ನ ಆಯ್ಕೆ 7-ಜಿಪ್. ಫೈಲ್ ಕುಗ್ಗಿಸುವ ಈ ಪುಟ್ಟ ತಂತ್ರಾಂಶ ಉಚಿತ. 2010ರ 9.20 ಆವೃತ್ತಿ ವಿಂಡೋಸ್ ಎಕ್ಸ್‌ಪಿಯಲ್ಲೂ ನಡೆಯುತ್ತದೆ, ಅಳೆಯುವ ಸೌಲಭ್ಯ ಅದರೊಳಗೇ ಇದೆ.

ಅಳೆಯುವ ಮುಂಚೆ

ಕ್ಯಾಬಿನೆಟ್ ಬಿಚ್ಚಿ ಫ್ಯಾನ್ ಮತ್ತು ಹೀಟ್ ಸಿಂಕ್ (ಚಿಪ್‌ನ ಶಾಖ ಹೀರುವ ಲೋಹದ ತುಂಡು) ನಡುವಿನ ಧೂಳು ತೆಗೆಯಿರಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಫಲಿತಾಂಶ ಕೆಡುವುದೂ ಇಲ್ಲೇ. ವರ್ಷಗಟ್ಟಲೆ ಓಡಿದ ಮಷೀನ್‌ನಲ್ಲಿ ಚಿಪ್ ಮತ್ತು ಹೀಟ್ ಸಿಂಕ್ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ಶಾಖ ಹೊರಗೆ ಹೋಗದಿದ್ದರೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಆಗ ನೀವು ಅಳೆಯುವುದು ಚಿಪ್‌ನ ಶಕ್ತಿಯನ್ನಲ್ಲ, ಅದರ ಮೇಲೆ ಕೂತ ಧೂಳನ್ನು.

ಆಂಟಿವೈರಸ್ ಸ್ಕ್ಯಾನ್, ವಿಂಡೋಸ್ ಅಪ್‌ಡೇಟ್ ಹಿಂದೆ ಓಡುತ್ತಿಲ್ಲವೆಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿರಲಿ. ವಿಂಡೋಸ್ 7 ಅಥವಾ 10 ಇದ್ದರೆ ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಆರಿಸಿ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಚಿಪ್ ಆ ಕ್ಷಣಕ್ಕೆ ಎಷ್ಟು ಮೆಗಾಹರ್ಟ್ಸ್‌ನಲ್ಲಿದೆ ಎಂದು ಕಾಣುತ್ತದೆ. ಪರೀಕ್ಷೆಯ ನಡುವೆ ಆ ಅಂಕಿ ಇಳಿದರೆ ಮತ್ತೆ ಫ್ಯಾನ್ ಕಡೆ ನೋಡಿ.

ಅಳೆಯುವ ಬಗೆ

ಎರಡೂ ಕಡೆ 7-ಜಿಪ್‌ನ ಒಂದೇ ಆವೃತ್ತಿ ಹಾಕಿ. ಒಂದರಲ್ಲಿ 32 ಬಿಟ್, ಇನ್ನೊಂದರಲ್ಲಿ 64 ಬಿಟ್ ಬೇಡ. ಮೊದಮೊದಲ ಪೆಂಟಿಯಂ 4ಗಳಿಗೆ 64 ಬಿಟ್ ಗೊತ್ತೇ ಇಲ್ಲ, ಆದ್ದರಿಂದ ಎರಡಕ್ಕೂ 32 ಬಿಟ್ ಇರಲಿ. ಫೈಲ್ ಮ್ಯಾನೇಜರ್ ತೆರೆದು ಟೂಲ್ಸ್ ಮೆನುವಿನಲ್ಲಿ ಬೆಂಚ್‌ಮಾರ್ಕ್ ಒತ್ತಿ.

ಕಿಟಕಿಯ ಮೇಲ್ಗಡೆ ಡಿಕ್ಷನರಿ ಸೈಜ್ (ಕುಗ್ಗಿಸುವಾಗ ನೆನಪಿಟ್ಟುಕೊಳ್ಳುವ ದತ್ತಾಂಶದ ಅಳತೆ) ಇರುತ್ತದೆ. ರ‍್ಯಾಮ್ ಎಷ್ಟಿದೆ ಎಂಬುದರ ಮೇಲೆ ಇದು ತಾನಾಗಿಯೇ ಬದಲಾಗಬಹುದು, ಅದಕ್ಕೇ ಕೈಯಾರೆ ಒಂದೇ ಅಳತೆ ಆರಿಸಬೇಕು. ಎಷ್ಟು ಮೆಮೊರಿ ಬೇಕಾಗುತ್ತದೆಂದು ಪಕ್ಕದಲ್ಲೇ ತೋರಿಸುತ್ತದೆ. ರ‍್ಯಾಮ್ ಕಡಿಮೆ ಇರುವ ಮಷೀನ್‌ಗೆ ಯಾವುದು ಹೊಂದುತ್ತದೋ ಅದನ್ನೇ ಎರಡರಲ್ಲೂ ಇಡಿ. ಮೊದಲ ಸುತ್ತಿಗೆ ಥ್ರೆಡ್ ಸಂಖ್ಯೆ, ಅಂದರೆ ಒಟ್ಟೊಟ್ಟಿಗೆ ನಡೆಯುವ ಕೆಲಸಗಳ ಸಂಖ್ಯೆ, 1 ಇರಲಿ. ಹತ್ತು ಪಾಸ್ (ಅದೇ ಪರೀಕ್ಷೆಯ ಹತ್ತು ಆವರ್ತನೆ) ಮುಗಿಯುವವರೆಗೆ ಮೌಸ್ ಮುಟ್ಟಬೇಡಿ. ಆಮೇಲೆ ಥ್ರೆಡ್ ಪೂರ್ತಿ ಏರಿಸಿ ಇನ್ನೊಂದು ಸುತ್ತು. ಪೆಂಟಿಯಂ 4ರ ಕೆಲವು ಮಾದರಿಗಳು ಹೈಪರ್ ಥ್ರೆಡಿಂಗ್‌ನಿಂದಾಗಿ 2 ಥ್ರೆಡ್ ತೋರಿಸುತ್ತವೆ. ಒಳಗಿರುವುದು ಒಂದೇ ಕೋರ್ (ಲೆಕ್ಕ ಮಾಡುವ ಘಟಕ), ಅಂಕ ದುಪ್ಪಟ್ಟಾಗುವುದಿಲ್ಲ. ಕೋರ್ 2 ಡ್ಯುಯೊದಲ್ಲಿ ಎರಡು ಕೋರ್ ನಿಜವಾಗಿಯೂ ಇವೆ.

ಇಡೀ ಪರೀಕ್ಷೆಯನ್ನು ಮೂರು ಸಲ ಮಾಡಿ ನಡುವಿನ ಅಂಕ ಬರೆದಿಟ್ಟುಕೊಳ್ಳಿ.

ಅಂಕ ಓದುವುದು

ಫೈಲ್ ಕುಗ್ಗಿಸುವುದಕ್ಕೂ (ಕಂಪ್ರೆಸಿಂಗ್) ಮತ್ತೆ ಬಿಚ್ಚುವುದಕ್ಕೂ (ಡಿಕಂಪ್ರೆಸಿಂಗ್) ಬೇರೆ ಬೇರೆ ಅಂಕ ಬರುತ್ತದೆ. ಒಟ್ಟು ಅಂಕಕ್ಕಿಂತ ಈ ಎರಡರಲ್ಲೇ ಹೆಚ್ಚು ಸುದ್ದಿ ಇದೆ. ಕುಗ್ಗಿಸುವ ಕೆಲಸ ರ‍್ಯಾಮ್ ಮತ್ತು ಕ್ಯಾಶ್ (ಚಿಪ್‌ನೊಳಗಿನ ವೇಗದ ಪುಟ್ಟ ಮೆಮೊರಿ) ಮೇಲೆ ನಿಂತಿದೆ. ಬಿಚ್ಚುವ ಕೆಲಸ ಚಿಪ್‌ನ ಲೆಕ್ಕದ ವೇಗ ಮತ್ತು ಊಹೆ ತಪ್ಪಿದಾಗಿನ ನಷ್ಟದ ಮೇಲೆ. ಮೊದಲನೆಯದು ಮಾತ್ರ ಕಡಿಮೆ ಬಂದರೆ ರ‍್ಯಾಮ್ ಕಡೆ ಗಮನ ಕೊಡಿ.

ಹೋಲಿಸುವಾಗ ಕಳೆಯಬೇಡಿ, ಭಾಗಿಸಿ. ಒಂದರಲ್ಲಿ 2,000, ಇನ್ನೊಂದರಲ್ಲಿ 3,000 ಬಂದರೆ ಎರಡನೆಯದು ಒಂದೂವರೆ ಪಟ್ಟು ವೇಗ. ನೂರಕ್ಕೆ ಐದರಷ್ಟು ವ್ಯತ್ಯಾಸ ದಿನದ ಕೆಲಸದಲ್ಲಿ ಗೊತ್ತೂ ಆಗುವುದಿಲ್ಲ, ಅಷ್ಟಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ.

ಬೇರೆ ಬೇರೆ ತಂತ್ರಾಂಶಗಳ ಅಂಕಗಳನ್ನಂತೂ ಬೆರೆಸಲೇಬೇಡಿ. ಗೀಕ್‌ಬೆಂಚ್ ಎಂಬ ಬೆಂಚ್‌ಮಾರ್ಕ್ ತಂತ್ರಾಂಶದ 5ನೇ ಆವೃತ್ತಿಯಲ್ಲಿ ಕೋರ್ ಐ3-8100 ಚಿಪ್‌ಗೆ 1000 ಎಂದು ಅಳತೆ ಕಟ್ಟಿದ್ದರು. ಗೀಕ್‌ಬೆಂಚ್ 6ರಲ್ಲಿ ಕೋರ್ ಐ7-12700ಕ್ಕೆ 2500 ಎಂದಾಯಿತು. ಹೆಸರು ಒಂದೇ, ಅಳತೆಗೋಲು ಬೇರೆ. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ನಾರ್ಟನ್ ತಂತ್ರಾಂಶ 4.77 ಮೆಗಾಹರ್ಟ್ಸ್‌ನ ಐಬಿಎಂ ಎಕ್ಸ್‌ಟಿಯನ್ನೇ 1 ಎಂದು ಹಿಡಿದು ಉಳಿದವನ್ನು ಅಳೆಯುತ್ತಿತ್ತು.

ಇನ್ನೊಂದು ಮಾತು. ಈ ಪರೀಕ್ಷೆ ಡಿಸ್ಕ್‌ನ ವೇಗ ಅಳೆಯುವುದಿಲ್ಲ. ಒಳ್ಳೆಯ ಅಂಕ ಬಂದ ಕೋರ್ 2 ಕೂಡ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಬ್ರೌಸರ್ ತೆರೆಯುವುದಕ್ಕೇ ಒದ್ದಾಡುತ್ತದೆ. ಎರಡು ಮಷೀನ್‌ಗಳ ಅಂಕ ಹತ್ತಿರ ಹತ್ತಿರ ಇದ್ದರೆ, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಹಾರ್ಡ್ ಡಿಸ್ಕ್‌ಗಿಂತ ಬಹಳ ವೇಗದ ಡಿಸ್ಕ್) ಹಾಕಲು ಬರುವುದನ್ನೇ ತೆಗೆದುಕೊಳ್ಳಿ. ಮದರ್‌ಬೋರ್ಡ್ ಮೇಲೆ ಅದನ್ನು ಜೋಡಿಸುವ ಕಿರಿದಾದ ಸಾಟಾ ಪೋರ್ಟ್ ಇದೆಯೇ ಎಂದು ಅಂಗಡಿಯಲ್ಲೇ ಬಿಚ್ಚಿಸಿ ನೋಡಿ. ಪೆಂಟಿಯಂ 4ರ ಹಳೆಯ ಬೋರ್ಡ್‌ಗಳಲ್ಲಿ ಅಗಲವಾದ ಪಟ್ಟಿ ಕೇಬಲ್‌ನ ಐಡಿಇ ಮಾತ್ರ ಇರುತ್ತದೆ, ಅದಕ್ಕೆ ಈಗಿನ ಎಸ್‌ಎಸ್‌ಡಿ ನೇರವಾಗಿ ಕೂರುವುದಿಲ್ಲ.