ಅಜ್ಜನ ಕಾಲದ ಫೋರ್ಡ್ ಎಂಜಿನ್ ಮಾರಿದ ನನ್ನ ಅನುಭವ

ಚಿಕ್ಕಮಗಳೂರು ಕಡೆಯ ನಮ್ಮ ಕಾಫಿ ತೋಟದ ಹಳೆಯ ಶೆಡ್ಡಿನಲ್ಲಿ ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್ನೊಂದು ದಶಕಗಳಿಂದ ಮೂಲೆ ಹಿಡಿದಿತ್ತು. ಕಾರು ಮೂಲೆಗೆ ಬಿದ್ದ ಮೇಲೆ ಅಜ್ಜ ಎಂಜಿನ್ನನ್ನು ಮಾತ್ರ ಉಳಿಸಿಕೊಂಡು, ಬೆಲ್ಟ್ ಹಾಕಿ ಹಳ್ಳದ ನೀರೆತ್ತಲು ಬಳಸಿದ್ದರಂತೆ. ಶೆಡ್ಡನ್ನು ಕೆಡವುವಾಗ ಗುಜರಿಯವರು ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟಿದರು, ನಾನೂ ಒಪ್ಪುವವನಿದ್ದೆ. ನನ್ನನ್ನು ತಡೆದದ್ದು ಬ್ಲಾಕಿನ ಎಡಬದಿಯಲ್ಲಿ, ನೀರು ಒಳಹೋಗುವ ಬಾಯಿಯ ಮೇಲ್ಗಡೆ ಕಂಡ ಸಂಖ್ಯೆ.

ಸೀಮೆಎಣ್ಣೆಯ ಬಟ್ಟೆಯಿಂದ ಜಿಡ್ಡು ಒರೆಸಿದಾಗ ‘ಸಿ’ ಅಕ್ಷರದಿಂದ ಆರಂಭವಾಗುವ ಅಂಕಿಗಳು ಮೂಡಿದವು. ಆಗ ಭಾರತದಂಥ ಬ್ರಿಟಿಷ್ ವಸಾಹತುಗಳಿಗೆ ಫೋರ್ಡ್ ಕಾರುಗಳು ಬರುತ್ತಿದ್ದುದು ಕೆನಡಾದಿಂದ, ಆ ‘ಸಿ’ ಅಲ್ಲಿಯ ಗುರುತು. ಎಂಜಿನ್ ಸಂಖ್ಯೆಗಳ ಪಟ್ಟಿಗಳೊಡನೆ ತಾಳೆ ನೋಡಿದಾಗ ನಮ್ಮದು 1917ರದು ಎಂದು ತಿಳಿಯಿತು. 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿಗಳು ತಯಾರಾಗಿದ್ದುದರಿಂದ ಹಳೆಯದೆಂಬ ಕಾರಣಕ್ಕಷ್ಟೇ ಇದು ಅಪರೂಪವಾಗುವುದಿಲ್ಲ. ಆದರೆ ಆ ಕಾರುಗಳ ಚಾಸಿಗೆ, ಅಂದರೆ ತಳದ ಚೌಕಟ್ಟಿಗೆ, ಬಹುಕಾಲ ಪ್ರತ್ಯೇಕ ಸಂಖ್ಯೆಯೇ ಇರಲಿಲ್ಲ. ಎಂಜಿನ್ನಿನ ಸಂಖ್ಯೆಯೇ ಕಾರಿನ ಗುರುತಾಗಿತ್ತು. ಆದ್ದರಿಂದ ಆ ಭಾಗಕ್ಕೆ ಉಜ್ಜುಕಾಗದ ತಾಗಿಸಲಿಲ್ಲ, ಬಣ್ಣವನ್ನೂ ಬಳಿಯಲಿಲ್ಲ. ಹೊಳಪು ಬಂದರೆ ಬೆಲೆ ಏರುತ್ತದೆಂದು ಹಲವರು ಹೇಳಿದರೂ, ಹೊಸ ಬಣ್ಣದಡಿ ಏನು ಮುಚ್ಚಿದೆಯೋ ಎಂಬ ಅನುಮಾನವೇ ಕೊಳ್ಳುವವರನ್ನು ಹಿಂದೆಗೆಸುತ್ತದೆ ಎಂದು ನನಗೆ ಅನ್ನಿಸಿತ್ತು.

ಪಿಸ್ಟನ್‌ಗಳು ಕಚ್ಚಿಕೊಂಡಿದ್ದವು. ಸ್ಪಾರ್ಕ್ ಪ್ಲಗ್ಗಿನ ರಂಧ್ರಗಳಲ್ಲಿ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಸುರಿದು ಹತ್ತು ದಿನ ಬಿಟ್ಟೆ. ಬಲವಂತವಾಗಿ ತಿರುಗಿಸಲು ಹೋಗಲಿಲ್ಲ. ಹನ್ನೊಂದನೆಯ ದಿನ ಹ್ಯಾಂಡಲ್ ಅಲುಗಿತು. ಮಾಡೆಲ್ ಟಿಯಲ್ಲಿ ಸಿಲಿಂಡರ್ ಹೆಡ್ ಕಳಚಬಹುದಾದ್ದರಿಂದ ನಾಲ್ಕೂ ಸಿಲಿಂಡರುಗಳನ್ನು ಕಣ್ಣಾರೆ ನೋಡಲು ಸಾಧ್ಯವಾಯಿತು. ಮೂರನೆಯದರ ಎಕ್ಸಾಸ್ಟ್ ವಾಲ್ವಿನ ಬಳಿ ಕೂದಲೆಳೆಯಷ್ಟು ಬಿರುಕಿತ್ತು. ಕೆಳಗಿನ ಎಣ್ಣೆಯಲ್ಲಿ ಬೇರಿಂಗಿನ ಬಿಳಿಲೋಹದ ಚೂರುಗಳೂ ಸಿಕ್ಕವು. ಎರಡರ ಚಿತ್ರವನ್ನೂ ತೆಗೆದು, ಸಂಖ್ಯೆಯ ಚಿತ್ರದ ಜೊತೆಗೇ ಆಸಕ್ತರಿಗೆ ಕಳುಹಿಸಿದೆ. ಎಂಜಿನ್ನಿನ ಭಾರದ ಗಾಲಿಯಾದ ಫ್ಲೈವೀಲಿನಲ್ಲಿ, ಕಿಡಿಗೆ ಬೇಕಾದ ವಿದ್ಯುತ್ ಹುಟ್ಟಿಸುವ ಹದಿನಾರು ಅಯಸ್ಕಾಂತಗಳೂ ಸ್ಥಳದಲ್ಲೇ ಇದ್ದುದು ಸಮಾಧಾನದ ಸಂಗತಿ.

ಹೆಚ್ಚಿನ ಬೆಲೆ ಹೇಳಿದ್ದು ವಿದೇಶದವರೊಬ್ಬರು. ಆದರೆ ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವದ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ನಿಷೇಧಿಸುತ್ತದೆ. ಈ ಎಂಜಿನ್ ಅದರ ವ್ಯಾಪ್ತಿಗೆ ಬರುವ ಸಾಧ್ಯತೆಯಿರುವಾಗ ಆ ದಾರಿಯೇ ಬೇಡವೆಂದೆ. ಇಲ್ಲಿಂದ ಹೋಗುವುದು ನನಗೂ ಇಷ್ಟವಿರಲಿಲ್ಲ.

ಕೊನೆಗೆ ಕೊಂಡವರು ಬೆಂಗಳೂರಿನವರು. ಅವರ ಬಳಿ ಅದೇ ಕಾಲದ, ಎಂಜಿನ್ನಿಲ್ಲದ ಕಾರಿತ್ತು. ಬಿರುಕು ಕಾಣಿಸಿ ಸ್ವಲ್ಪ ಇಳಿಸಿದರೂ, ಗುಜರಿಯವರ ಮೊತ್ತದ ಎಂಟು ಪಟ್ಟು ಕೊಟ್ಟರು. ಸಂಖ್ಯೆ, ಬಿರುಕು, ಬೇರಿಂಗಿನ ಸ್ಥಿತಿ ಎಲ್ಲವನ್ನೂ ಬರೆದ ಪತ್ರಕ್ಕೆ ಇಬ್ಬರೂ ಸಹಿ ಹಾಕಿದೆವು. ಎಂಜಿನ್ನನ್ನು ಹೊರುವ ಎರಡು ತೋಳುಗಳು ತೆಳು ಉಕ್ಕಿನವು, ಅವುಗಳ ಮೇಲೆ ಭಾರ ಬಿದ್ದರೆ ಬಾಗುತ್ತವೆ; ಅದಕ್ಕಾಗಿ ಬ್ಲಾಕಿನಡಿ ಹಲಸಿನ ತೊಲೆಗಳ ಚೌಕಟ್ಟು ಕೊಟ್ಟು, ಚೈನ್ ಪುಲ್ಲಿಯಿಂದ ನಿಧಾನವಾಗಿ ಲಾರಿಗೇರಿಸಿದೆವು. ಅಜ್ಜ ನೀರೆತ್ತಲು ಕೂರಿಸಿದ್ದ ಬೆಲ್ಟಿನ ಗಾಲಿ ಕಾರಿಗೆ ಬೇಡವಾದ್ದರಿಂದ ಅವರೇ ಬಿಚ್ಚಿ ನನ್ನ ಕೈಗೆ ಕೊಟ್ಟರು.