ಕಷ್ಟ ಉಣ್ಣಲು ಹೋಗಿ ಪ್ಯಾಂಟು ತಿಂದೆ

ಚೀನಾದ ಕೆಚಿಯಾವ್ ಬಟ್ಟೆ ಮಾರುಕಟ್ಟೆ. ಮಧ್ಯಾಹ್ನ ಮೂರು ಗಂಟೆ. ಒಂದು ಲೈನಿಂಗ್ ಬಟ್ಟೆಯ ಅಂಗಡಿಯಲ್ಲಿ ಕೂತಿದ್ದೆ. 'ಬೆಳಿಗ್ಗೆಯಿಂದ ಸುತ್ತುತ್ತಲೇ ಇದ್ದೀರಿ, ಸುಸ್ತಾಗಲಿಲ್ವಾ?' ಎಂದು ಅಂಗಡಿಯಮ್ಮ ಕೇಳಿದರು. ಹಿಂದಿನ ರಾತ್ರಿ ಕಲಿತ ಮಾತು ನಾಲಿಗೆಯ ತುದಿಯಲ್ಲೇ ಇತ್ತು. 'ನಾನು ಖು ತಿನ್ನಬಲ್ಲೆ' ಎಂದೆ. ಖು ಅಂದರೆ ಕಹಿ. ಕಹಿ ತಿನ್ನುವುದು ಅಂದರೆ ಅವರಲ್ಲಿ ಕಷ್ಟ ಸಹಿಸುವುದು. ನಾವೂ ಕಷ್ಟ ಉಂಡವರು ಅನ್ನುತ್ತೇವಲ್ಲ, ಹಾಗೆ. ಆದರೆ ಈ ಖು ಹೇಳುವಾಗ ದನಿ ಕೆಳಗಿಳಿದು ಮತ್ತೆ ಮೇಲೇಳಬೇಕು. ನಾನು ಮೇಲಿನಿಂದ ದಬಕ್ಕನೆ ಬೀಳಿಸಿದೆ. ಹಾಗೆ ಬೀಳಿಸಿದರೆ ಖು ಅಂದರೆ ಪ್ಯಾಂಟು.

ಅಂಗಡಿಯಮ್ಮ, ಲೆಕ್ಕ ಬರೆಯುವ ಹುಡುಗಿ, ಥಾನು ಹೊರುವ ಇಬ್ಬರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಎರಡು ವರ್ಷ ಆ ಸಾಲಿನ ಅಂಗಡಿಗಳಲ್ಲಿ ನಾನು ಪ್ಯಾಂಟು ತಿನ್ನುವ ಇಂಡಿಯಾದವನೇ ಆಗಿಬಿಟ್ಟೆ.

ನಾನು ಗುಳೇದಗುಡ್ಡದವನು. ಅಪ್ಪ ಸೈಕಲ್ಲಿಗೆ ಖಣದ ಗಂಟು ಕಟ್ಟಿಕೊಂಡು ಊರೂರು ಸುತ್ತಿ ಮಾರುತ್ತಿದ್ದರು. ನಾನು ಬೆಂಗಳೂರಿನ ಚಿಕ್ಕಪೇಟೆಯ ವ್ಯಾಪಾರಿಗಳಿಗಾಗಿ ಚೀನಾದಲ್ಲಿ ಬಟ್ಟೆ ಆರಿಸಿ ಕಳಿಸುತ್ತೇನೆ. ಗಂಟು ಹೋಗಿ ಕಂಟೇನರ್ ಬಂತು, ಅಷ್ಟೇ. ಕೆಚಿಯಾವ್ ಇರುವುದು ಝೇಜಿಯಾಂಗ್ ಪ್ರಾಂತ್ಯದ ಶಾವ್‌ಶಿಂಗ್ ನಗರದಲ್ಲಿ, ಹಾಂಗ್‌ಝೌನಿಂದ ಆಗ್ನೇಯಕ್ಕೆ. ಬಟ್ಟೆ ಕೊಳ್ಳಲು ಬಂದು ಅಲ್ಲೇ ನೆಲೆ ನಿಂತ ಇಂಡಿಯಾದವರು ಬೇಕಾದಷ್ಟಿದ್ದಾರೆ. ಚಪಾತಿ, ದಾಲ್‌ಗೆ ಪರದಾಡಬೇಕಿಲ್ಲ.

ವ್ಯಾಪಾರದ ಮಾತು ಆರು ತಿಂಗಳಲ್ಲಿ ಬಂತು. ಮೀಟರಿಗೆಷ್ಟು, ಬಣ್ಣದ ಕಾರ್ಡು ಕೊಡಿ, ಇನ್ನೂ ಸ್ವಲ್ಪ ಇಳಿಸಿ. ಬಾರದೆ ಉಳಿದದ್ದು ಅವರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು. ಅದರ ನಡುವೆ ನಾಲ್ಕು ನಾಲ್ಕು ಅಕ್ಷರದ ತುಂಡುಗಳು ಬಂದು ಬೀಳುತ್ತವೆ. ಅವನ್ನು ಛಂಗ್‌ಯು ಎನ್ನುತ್ತಾರೆ. ನಮ್ಮ ನುಡಿಗಟ್ಟು ಇದ್ದ ಹಾಗೆ. ಸಾವಿರಗಟ್ಟಲೆ ಇವೆ. ನಾನು ಮೂರೇ ಬಗೆಯವನ್ನು ಹಿಡಿದೆ. ಕಷ್ಟದವು, ದುಡಿತದವು, ಅಲೆದಾಟದವು. ನನ್ನ ಬದುಕಿಗೆ ಅಷ್ಟು ಸಾಕಾಗಿತ್ತು.

ಮೊದಲು ಹಿಡಿದ ದಾರಿಯೇ ತಪ್ಪಿತ್ತು. ನಿಘಂಟು ತೆರೆದು ನಲವತ್ತು ನುಡಿಗಟ್ಟು ಬರೆದುಕೊಂಡೆ. ಎದುರಿಗೆ ಅರ್ಥ. ನೋಡಿದರೆ ಎಂಟಕ್ಕೆ ಎಂಟೂ 'ಕಷ್ಟಪಟ್ಟು ದುಡಿ', ಆರಕ್ಕೆ ಆರೂ 'ದೂರ ಪ್ರಯಾಣದ ದಣಿವು'. ಯಾವುದನ್ನು ಎಲ್ಲಿ ಹೇಳಬೇಕು? ಗೊತ್ತಾಗಲಿಲ್ಲ. ಒಂದು ವಾರದಲ್ಲಿ ಎಲ್ಲವೂ ಕಲಸಿಹೋದವು.

ಆ ಪಟ್ಟಿ ಬಿಸಾಕಿ, ಉದ್ದ ಲೆಕ್ಕದ ಪುಸ್ತಕ ತಗೊಂಡು ಕನ್ನಡ ಅಕ್ಷರದಲ್ಲಿ ಬರೆಯತೊಡಗಿದೆ. ಇಲ್ಲಿ ನಮಗೆ ಒಂದು ಲಾಭವಿದೆ. ಚೀನೀ ಭಾಷೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಬಹಳ ಗಟ್ಟಿ. ರೋಮನ್ ಲಿಪಿಯಲ್ಲಿ ಡಿ, ಟಿ ಎಂದು ಬರೆಯುವುದು ನಮ್ಮ ಕಿವಿಗೆ ತ, ಥ. ಬಿ, ಪಿ ಅಂದರೆ ಪ, ಫ. ಇಂಗ್ಲಿಷ್ ಓದಿನ ಅಭ್ಯಾಸ ಅಡ್ಡ ಬರುತ್ತದೆ, ಒಂದನೇ ತರಗತಿಯ ಕನ್ನಡ ಕಾಗುಣಿತ ಕಾಪಾಡುತ್ತದೆ. ತಾನ್ ಅಂದರೆ ಪಿತ್ತಕೋಶ, ಥಾನ್ ಅಂದರೆ ದುರಾಸೆ. ಬಟ್ಟೆಯವನಿಗೆ ಥಾನು ಮರೆಯುತ್ತದೆಯೇ! ತುಟಿಗೆ ಹಲ್ಲು ತಾಗಿಸುವ ಫ಼ಕ್ಕೆ ಕೆಳಗೆ ಎರಡು ಚುಕ್ಕಿ ಇಟ್ಟೆ. ದನಿಯ ಏರಿಳಿತಕ್ಕೆ ಅಕ್ಷರದ ತಲೆಯ ಮೇಲೆ ಬಾಣ. ಪ್ಯಾಂಟು ತಿಂದ ಮೇಲೆ ಬಾಣವನ್ನು ಕೆಂಪು ಪೆನ್ನಿನಲ್ಲೇ ಹಾಕಿದೆ.

ಆ ದುರಾಸೆಯ ಥಾನ್ ಬರುವುದು 'ಛಿ ತ್ಸಾವ್ ಥಾನ್ ಹೇಯ್' ಎಂಬುದರಲ್ಲಿ. ಬೇಗ ಏಳು, ಕತ್ತಲಿಗೆ ಆಸೆಪಡು. ಅಂದರೆ ನಸುಕಿನಲ್ಲೇ ಎದ್ದು, ಕತ್ತಲಾದರೂ ಕೆಲಸ ಬಿಡದವನು. ಇದು ಮಾರುಕಟ್ಟೆಯ ಬಾಯಿಮಾತು. ಇದನ್ನೇ ಸ್ವಲ್ಪ ಅಂದವಾಗಿ ಹೇಳಬೇಕಾದರೆ 'ಫಿ ಶಿಂಗ್ ತಾಯ್ ಯ್ವೆ'. ಚುಕ್ಕಿ ಹೊದ್ದು, ಚಂದ್ರನನ್ನು ತಲೆಗಿಟ್ಟು. ಇದನ್ನು ಬರೆದುಕೊಂಡ ರಾತ್ರಿ ನನಗೆ ಅಪ್ಪ ನೆನಪಾದರು. ಬನಶಂಕರಿ ಜಾತ್ರೆಯ ದಿನಗಳಲ್ಲಿ ಬೆಳ್ಳಿ ಮೂಡುವ ಹೊತ್ತಿಗೆ ಸೈಕಲ್ ಹತ್ತುತ್ತಿದ್ದರು. ಹೆಗಲ ಮೇಲೆ ಟವೆಲ್, ತಲೆ ಮೇಲೆ ನಿಜವಾಗಿಯೂ ಚಂದ್ರ. ಆಮೇಲೆ ಆ ನುಡಿಗಟ್ಟು ಮರೆತೇ ಇಲ್ಲ.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಅರ್ಥ ಬರೆಯುವುದು ಬಿಟ್ಟು ಚಿತ್ರ ಬರೆದೆ. ಪ್ರತಿಯೊಂದನ್ನೂ ಎರಡೆರಡು ಅಕ್ಷರಕ್ಕೆ ಮುರಿದೆ. ಹೆಚ್ಚಿನವು ಅಲ್ಲೇ ಮುರಿಯುತ್ತವೆ. ಗಾಳಿಯಲ್ಲಿ ಊಟ, ಇಬ್ಬನಿಯಲ್ಲಿ ನಿದ್ದೆ. ಬೆಟ್ಟ ಹತ್ತು, ಹೊಳೆ ದಾಟು. ನಾವೂ ಹೀಗೇ ಜೋಡಿಯಾಗಿ ಆಡುವವರು ತಾನೇ? ಬಿಸಿಲು ಮಳೆ ಅನ್ನದೆ ದುಡಿದ, ಊರು ಕೇರಿ ಸುತ್ತಿದ. ಕಿವಿ ಮೊದಲೇ ಪಳಗಿತ್ತು.

ಆದರೂ ಒಂದು ಪಾಠ ಬಾಕಿ ಇತ್ತು. ಅದನ್ನು ಕಲಿಸಿದ್ದು ಬಯ್ಗುಳವಲ್ಲ, ಒಬ್ಬ ಮುದುಕರ ಮರುಕ.

2020ರಲ್ಲಿ ನಮ್ಮಿಬ್ಬರ ದೇಶಗಳ ನಡುವೆ ನೇರ ವಿಮಾನ ನಿಂತಿತಲ್ಲ, ಆಮೇಲೆ ಓಡಾಟ ಶುರುವಾದಾಗಲೂ ಸುತ್ತಿ ಬಳಸಿಯೇ ಹೋಗಬೇಕಿತ್ತು. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿ ರಾತ್ರಿಯಿಡೀ ಕುರ್ಚಿ ಮೇಲೆ, ಮತ್ತೆ ಹಾಂಗ್‌ಝೌ. ಇಳಿದವನೇ ಅಂಗಡಿಗೆ ಹೋದೆ. ಅಂಗಡಿಯಮ್ಮನ ಮಾವ ಚಹಾ ಹಾಕಿಕೊಟ್ಟು 'ದಾರಿ ಹೇಗಿತ್ತು?' ಎಂದು ಕೇಳಿದರು. ನಾನು ಹೊಸದಾಗಿ ಕಲಿತದ್ದನ್ನು ಬಿಟ್ಟೆ. 'ತ್ಯೆನ್ ಫೇಯ್ ಲ್ಯೂ ಲಿ.' ನಿಘಂಟಿನಲ್ಲಿ 'ಅಲೆದಾಡು' ಎಂದಿತ್ತು. ಮುದುಕರು ಲೋಟ ಕೆಳಗಿಟ್ಟರು. ಮುಖ ಸಣ್ಣದಾಯಿತು. ಮನೆಗೆ ಏನಾಯಿತು, ಹೆಂಡತಿ ಮಕ್ಕಳು ಎಲ್ಲಿದ್ದಾರೆ ಎಂದು ಒಂದರ ಮೇಲೊಂದು ಕೇಳತೊಡಗಿದರು. ಅದು ಯುದ್ಧಕ್ಕೋ ಬರಗಾಲಕ್ಕೋ ಮನೆಮಠ ಕಳೆದುಕೊಂಡು ದಿಕ್ಕಾಪಾಲಾದವರಿಗೆ ಹೇಳುವ ಮಾತು. ವಿಮಾನ ಬದಲಿಸಿದವನಿಗಲ್ಲ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ನನಗೆ ಸಲ್ಲಬೇಕಾದದ್ದು 'ಫ಼ಂಗ್ ಛನ್ ಫು ಫು'. ಗಾಳಿ, ಧೂಳು, ದಣಿವು. ದೂರದಿಂದ ಮೈತುಂಬ ದಾರಿಯ ಧೂಳು ಹೊತ್ತು ಬಂದವನು. ಆದರೆ ಅದನ್ನೂ ನನ್ನ ಬಗ್ಗೆ ನಾನೇ ಹೇಳಿಕೊಳ್ಳುವ ಬದಲು ಬಾಗಿಲಲ್ಲಿ ನಿಂತವರು ನನ್ನನ್ನು ನೋಡಿ ಹೇಳಿದರೇ ಚೆಂದ. ಹೊಗಳುವ ನುಡಿಗಟ್ಟುಗಳದ್ದೆಲ್ಲ ಇದೇ ಕಥೆ. ಬೇರೆಯವರು ಕೊಟ್ಟರೆ ತಗೊಳ್ಳಬೇಕು, ತಾನೇ ಎತ್ತಿಕೊಂಡರೆ ನಗೆಪಾಟಲು. ಒಮ್ಮೆ ನಾನು 'ಹಾನ್ ಶಿನ್ ರು ಖು' ಪಟ್ಟು ಈ ಆರ್ಡರ್ ಹಿಡಿದೆ ಎಂದಿದ್ದೆ. ಬಾಯಲ್ಲಿ ಖಾರ ಇಟ್ಟುಕೊಂಡು ಕಹಿ ನುಂಗಿ, ಎಂದು ಅದರ ಚಿತ್ರ. ಲೆಕ್ಕದ ಹುಡುಗಿ 'ಆರ್ಡರಿಗೆ ಎಷ್ಟು ವರ್ಷ, ಶಾಲೆಗೆ ಸೇರಿಸಿದಿರಾ?' ಎಂದಳು. ಅದನ್ನು ಹೆಚ್ಚಾಗಿ ಹೇಳುವುದು ಮಕ್ಕಳನ್ನು ಸಾಕಿದ ತಂದೆತಾಯಿಗೆ. ನಮ್ಮ 'ಹೊಟ್ಟೆ ಬಟ್ಟೆ ಕಟ್ಟಿ ಸಾಕಿದರು' ಇದೆಯಲ್ಲ, ಪಕ್ಕಾ ಅದೇ. ಅಂದಿನಿಂದ ಪುಸ್ತಕದಲ್ಲಿ ಒಂದು ಕಾಲಂ ಜಾಸ್ತಿ ಆಯಿತು. ಅದರ ತಲೆಬರಹ 'ಯಾರಿಗೆ?' ಈಗಲೂ ನಾನು ಮೊದಲು ತುಂಬುವುದು ಅದನ್ನೇ.

ಶಾವ್‌ಶಿಂಗ್‌ನಲ್ಲಿ ಇದನ್ನೆಲ್ಲ ಕಲಿಯುವುದಕ್ಕೆ ಇನ್ನೊಂದು ಸುಖವಿದೆ. ಕೆಲವು ನುಡಿಗಟ್ಟುಗಳ ಮನೆಯೇ ಅಲ್ಲಿದೆ. ಡೈಯಿಂಗ್ ಮಿಲ್ಲಿನವರು ಬಣ್ಣ ತಪ್ಪಿಸಿ ಎರಡು ದಿನ ಸುಮ್ನೆ ಕೂರಿಸಿದಾಗ ಮಹಾರಾಜ ಯು ಅವರ ಸಮಾಧಿ ನೋಡಲು ಹೋದೆ. ಊರಿನ ಆಗ್ನೇಯಕ್ಕೆ, ಬೆಟ್ಟದ ಬುಡದಲ್ಲಿದೆ. ಪುರಾಣದ ಪ್ರಕಾರ ಚೀನಾದ ಮಹಾಪ್ರವಾಹವನ್ನು ಹಿಡಿತಕ್ಕೆ ತಂದವನು ಈ ಯು. ಅವನಪ್ಪ ಒಡ್ಡು ಕಟ್ಟಿ ಕಟ್ಟಿ ಸೋತ. ಮಗ ಕಾಲುವೆ ತೋಡಿ ನೀರನ್ನು ಸಮುದ್ರಕ್ಕೆ ಬಿಟ್ಟ. 'ಗಾಳಿಯಲ್ಲಿ ತಲೆ ಬಾಚಿ, ಮಳೆಯಲ್ಲಿ ಮಿಂದು' ಎಂಬ ನುಡಿಗಟ್ಟು ಅವನಿಂದ ಬಂತು. ಝುವಾಂಗ್‌ಝಿ ಎಂಬ ಹಳೆಯ ಗ್ರಂಥದ ಮಾತು ಅದು. ದುಡಿದೂ ದುಡಿದೂ ಅವನ ಮೀನಖಂಡದಲ್ಲಿ ಮಾಂಸ ಉಳಿದಿರಲಿಲ್ಲ, ಮೊಣಕಾಲ ಕೆಳಗೆ ಕೂದಲೇ ಇರಲಿಲ್ಲ ಎಂದೂ ಅಲ್ಲೇ ಇದೆ. ಕೆಸರು ಗದ್ದೆಯಲ್ಲಿ ನಿಂತವರ ಕಾಲು ನೋಡಿದವರಿಗೆ ಇದು ಬರೀ ಕವಿಮಾತಲ್ಲ ಎಂದು ತಿಳಿಯುತ್ತದೆ.

ಅದೇ ಯು ತನ್ನ ಮನೆ ಬಾಗಿಲ ಮುಂದೆ ಮೂರು ಸಲ ಹಾದುಹೋದರೂ ಒಳಗೆ ಕಾಲಿಡಲಿಲ್ಲವಂತೆ. ಹಳೆಯ ತತ್ವಜ್ಞಾನಿ ಮೆನ್ಸಿಯಸ್ ಹೇಳುವುದು 8 ವರ್ಷ ಮನೆಯಿಂದ ಹೊರಗಿದ್ದ ಎಂದು. ಇತಿಹಾಸಕಾರ ಸಿಮಾ ಛಿಯನ್ ಹೇಳುವುದು 13 ವರ್ಷ. ಒಳಗೆ ಎಳೆ ಮಗು ಅಳುತ್ತಿತ್ತು ಎಂದೂ ಹಳೆಯ ಪುಸ್ತಕಗಳಲ್ಲಿದೆ. ಇದನ್ನು ರಾತ್ರಿ ಫೋನಿನಲ್ಲಿ ಹೆಂಡತಿಗೆ ಭಕ್ತಿಯಿಂದ ಹೇಳಿದೆ. 'ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದಿದ್ರೆ ಪ್ರವಾಹ ಜಾಸ್ತಿ ಆಗ್ತಿತ್ತಾ?' ಎಂದಳು. ನಾನು ಅವಳ ಪಕ್ಷ. ಚೀನಾದವರು ಈ ಮಾತನ್ನು ದೊಡ್ಡ ಹೊಗಳಿಕೆಯಾಗಿಯೇ ಆಡುತ್ತಾರೆ. ನನ್ನ ಪುಸ್ತಕದ 'ಯಾರಿಗೆ?' ಕಾಲಂನಲ್ಲಿ ಮಾತ್ರ 'ಮನೆಯಲ್ಲಿ ಹೇಳಬೇಡ' ಎಂದು ಬರೆದಿದೆ.

ಇನ್ನೊಬ್ಬ ಗೌಜಿಯನ್. ಇವನು ಯುವೆ ರಾಜ್ಯದ ದೊರೆ. ರಾಜಧಾನಿ ಇದ್ದದ್ದು ಇದೇ ಶಾವ್‌ಶಿಂಗ್‌ನಲ್ಲಿ. ಕ್ರಿ.ಪೂ. 494ರಲ್ಲಿ ಪಕ್ಕದ ವು ರಾಜ್ಯಕ್ಕೆ ಸೋತ. ಸೋಲು ಮರೆಯಬಾರದು ಎಂದು ಪಿತ್ತಕೋಶವೊಂದನ್ನು ಹತ್ತಿರವೇ ಇಟ್ಟುಕೊಂಡು, ಊಟಕ್ಕೆ ಕೂತಾಗೆಲ್ಲ ಅದರ ಕಹಿ ನೆಕ್ಕುತ್ತಿದ್ದ. ಕ್ರಿ.ಪೂ. 473ರಲ್ಲಿ ವು ರಾಜ್ಯವನ್ನೇ ಅಳಿಸಿಹಾಕಿದ. 'ವೋ ಶಿನ್ ಛಾಂಗ್ ತಾನ್', ಕಟ್ಟಿಗೆಯ ಮೇಲೆ ಮಲಗಿ ಪಿತ್ತ ರುಚಿ ನೋಡು. ತಮಾಷೆ ಏನೆಂದರೆ ಸಿಮಾ ಛಿಯನ್ ಬರೆದದ್ದರಲ್ಲಿ ಪಿತ್ತ ಮಾತ್ರ ಇದೆ, ಕಟ್ಟಿಗೆ ಇಲ್ಲ. ಅದು ಎಷ್ಟೋ ಶತಮಾನ ಕಳೆದ ಮೇಲೆ ಸೇರಿಕೊಂಡಿತು. ನಾಲ್ಕಕ್ಷರ ತುಂಬಬೇಕಲ್ಲ ಎಂಬುದು ನನ್ನ ಊಹೆ. ಕಟ್ಟಿಗೆಯ ಆ ಶಿನ್ ಅಕ್ಷರ ಇನ್ನೊಂದು ಕಡೆಯೂ ಸಿಕ್ಕಿತು. ಸಂಬಳಕ್ಕೆ ಚೀನೀಯಲ್ಲಿ 'ಶಿನ್ ಶ್ವೇ' ಎನ್ನುತ್ತಾರೆ. ಕಟ್ಟಿಗೆ ನೀರು. ದೊರೆ ಮಲಗಿದ್ದ ಕಟ್ಟಿಗೆಯ ಮೇಲೇ ನಾವೂ ತಿಂಗಳು ದೂಡುತ್ತಿದ್ದೇವೆ ಅನ್ನಿ.

ಎಲ್ಲ ನುಡಿಗಟ್ಟೂ ದುಡಿತವನ್ನು ಹೊಗಳುವಾಗ ನನಗೆ ಸ್ವಲ್ಪ ಉಸಿರು ಕಟ್ಟಿದ್ದೂ ಉಂಟು. ಆಗ ಸಿಕ್ಕಿದ್ದು ಚುಕ್ಕಿ ಹೊದೆಯುವ ಮಾತಿಗೆ ತಳಕು ಹಾಕುವ ಒಂದು ಹಳೆಯ ಕಥೆ. ಶಾನ್‌ಫು ಎಂಬ ಊರನ್ನು ಇಬ್ಬರು ಅಧಿಕಾರಿಗಳು ಬೇರೆ ಬೇರೆ ಕಾಲದಲ್ಲಿ ಆಳಿದರು. ವುಮಾ ಛಿ ಚುಕ್ಕಿ ಇರುವಾಗಲೇ ಹೊರಟು ಚುಕ್ಕಿ ಮೂಡಿದ ಮೇಲೆ ಮನೆಗೆ ಬರುತ್ತಿದ್ದ. ಊರು ಚೆನ್ನಾಗಿ ನಡೆಯಿತು. ಫು ಝಿಜಿಯನ್ ಮನೆಯಲ್ಲೇ ಕೂತು ತಂತಿವಾದ್ಯ ನುಡಿಸುತ್ತಿದ್ದ. ಆಗಲೂ ಊರು ಚೆನ್ನಾಗಿಯೇ ನಡೆಯಿತು. ಅದು ಹೇಗೆ ಎಂದು ವುಮಾ ಛಿ ಕೇಳಿದ. 'ನೀನು ನಿನ್ನ ರಟ್ಟೆಯಿಂದ ಮಾಡಿಸುತ್ತೀ, ನಾನು ಜನರಿಂದ ಮಾಡಿಸುತ್ತೇನೆ. ಅದಕ್ಕೇ ನಿನಗೆ ದಣಿವು, ನನಗೆ ಆರಾಮ' ಎಂದನಂತೆ ಫು. ಇದನ್ನು ಓದಿದ ಮೇಲೆ ಸ್ಯಾಂಪಲ್ ಆರಿಸಲು ಒಬ್ಬ ಹುಡುಗನನ್ನು ಕಳಿಸಲು ಶುರುಮಾಡಿದೆ. ತಂತಿವಾದ್ಯ ಮಾತ್ರ ಬರುವುದಿಲ್ಲ.

ಕೊನೆಗೆ ಸರಿಯಾಗಿ ಕೂತದ್ದು, ನಾನು ಎಲ್ಲಕ್ಕಿಂತ ತಪ್ಪಾಗಿ ಕೇಳಿಸಿಕೊಂಡದ್ದು. ಚೀನೀ ಹೊಸ ವರ್ಷಕ್ಕೆ ಮುಂಚಿನ ದಿನಗಳು. ಆ ಹೊತ್ತಿಗೆ ದೇಶದ ಕೆಲಸಗಾರರೆಲ್ಲ ಊರಿಗೆ ಹೊರಡುತ್ತಾರೆ. 40 ದಿನಗಳ ಓಡಾಟದ ಕಾಲ ಅದು. ಡೈಯಿಂಗ್ ಮಿಲ್ಲುಗಳು ಬಾಗಿಲು ಹಾಕುತ್ತವೆ. ಅಷ್ಟರೊಳಗೆ ಮಾಲು ಹೊರಡದಿದ್ದರೆ ಚಿಕ್ಕಪೇಟೆಯಲ್ಲಿ ನನಗೆ ಮಂಗಳಾರತಿ. ಥಾನು ಹೊರುವವನೊಬ್ಬ ದೂರದ ಗ್ವೇಝೌನವನು. ಚೀಲ ಕಟ್ಟಿ ನಿಂತಿದ್ದ. ಅವನ ಬಗ್ಗೆ ಅಂಗಡಿಯಮ್ಮ ಏನೋ ಹೇಳಿದರು. ನನ್ನ ಕಿವಿಗೆ ಬಿದ್ದದ್ದು 'ಬೀಜಿಂಗ್'. 'ಓ, ಬೀಜಿಂಗ್‌ಗೆ ಹೊರಟಿದ್ದಾನಾ?' ಎಂದೆ. ಅಂಗಡಿಯಮ್ಮ ನಕ್ಕು, ಪುಸ್ತಕ ಕೇಳಿ ತಾವೇ ಬರೆದರು. 'ಪೇಯ್ ಚಿಂಗ್ ಲಿ ಶ್ಯಾಂಗ್.' ದನಿ ಬೇರೆ, ಅಕ್ಷರ ಬೇರೆ. ಬಾವಿಗೆ ಬೆನ್ನು ಹಾಕಿ ಊರು ಬಿಡು. ಬಾವಿ ಅಂದರೆ ಮನೆತನ, ಕೇರಿ, ಊರು, ಎಲ್ಲವೂ. ದುಡಿಮೆಗೆಂದು ಹೀಗೆ ಊರು ಬಿಟ್ಟು ಬಂದವನು ಎಂದು ಅವರು ಹೇಳಿದ್ದು.

'ನಿಮ್ಮಲ್ಲಿ ಇದಕ್ಕೆ ಏನಂತಾರೆ?' ಎಂದು ಕೇಳಿದರು.

ನಾಲ್ಕಕ್ಷರ ಬೇಕಾಗಲೇ ಇಲ್ಲ. ಸುಗ್ಗಿ ಮುಗಿದ ಮೇಲೆ ಟೆಂಪೊ ತುಂಬ ಪಾತ್ರೆ, ಹಾಸಿಗೆ, ಮಕ್ಕಳನ್ನು ಹೇರಿಕೊಂಡು ಹೊರಡುವವರನ್ನು ನೋಡುತ್ತಲೇ ನಾನು ಬೆಳೆದವನು. 'ಗುಳೆ' ಎಂದೆ. ಅವರು ಎರಡು ಸಲ ಹೇಳಿ ನೋಡಿದರು. ಆಮೇಲೆ ಆ ಉಲಿಗೆ ಹೊಂದುವ ಎರಡು ಚೀನೀ ಅಕ್ಷರ ಹುಡುಕಿ, ನನ್ನ ಪುಸ್ತಕದಲ್ಲೇ ಪಕ್ಕದಲ್ಲಿ ಬರೆದರು. ಗು, ಲಾಯ್. ಗು ಅಂದರೆ ಹಳೆಯ ಕಾಲ, ಲಾಯ್ ಅಂದರೆ ಬರುವುದು. ಎರಡೂ ಸೇರಿದರೆ 'ಹಿಂದಿನಿಂದಲೂ' ಎಂದು ಅರ್ಥ. ಗ್ವೇಝೌನವನು ಬಗ್ಗಿ ಓದಿ, ಹೌದು ಎಂಬಂತೆ ತಲೆಯಾಡಿಸಿ, ಚೀಲ ಎತ್ತಿಕೊಂಡ.